ಪೇಟ ತೊಡಿಸಿದ ಮಾತ್ರಕ್ಕೆ ಮ್ಯಾಸ್ಕಾಟ್ ಆಗದು

ಮಾನ್ಯ ಸಂಪಾದಕರೇ,

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಒಲಿದಿದೆ. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಆರಂಭವಾದ ಕೂಟಕ್ಕೆ ಅದು ನೂರನೇ ವರ್ಷ. ಲಾಂಛನ ಮತ್ತು ಮ್ಯಾಸ್ಕಾಟ್ (ಕೂಟದ ಗುರುತಿನ ಬೊಂಬೆ) ಬಗ್ಗೆ ಮಾತಾಡಲು ಇದು ಸಕಾಲ. ನಮ್ಮಲ್ಲಿ ಇವೆರಡನ್ನೂ ಕೊನೆಗಳಿಗೆಯ ಅಲಂಕಾರವೆಂದೇ ಎಣಿಸುತ್ತಾರೆ. ದೇಶದ ಕೂಟವಿರಲಿ, ಜಿಲ್ಲೆಯ ಕೂಟವಿರಲಿ, ಸಿದ್ಧಸೂತ್ರ ಒಂದೇ: ಒಂದು ಪ್ರಾಣಿಯನ್ನು ಎರಡು ಕಾಲ ಮೇಲೆ ನಿಲ್ಲಿಸು, ತಲೆಗೆ ಪೇಟ ಸುತ್ತು, ಕೈಗೆ ಜ್ಯೋತಿ ಕೊಡು, ಹಿಂದೆ ಕೇಸರಿ, ಬಿಳಿ, ಹಸಿರಿನ ಸುಳಿ ಎಳೆ. ಪೇಟ ಬದಲಿಸಿದರೆ ಅದೇ ಪ್ರಾಣಿ ಪಕ್ಕದ ರಾಜ್ಯಕ್ಕೂ ಸಲ್ಲುತ್ತದೆ. ಹಾಗೆ ಕಳಚಿ ತೊಡಿಸಲು ಬರುವುದನ್ನು ನಾಡಿನ ಗುರುತು ಎನ್ನುವುದು ಹೇಗೆ?

ವೇಷಭೂಷಣ ತೊಡಿಸಲೇಬಾರದು ಎಂದಲ್ಲ. 1988ರ ಸೋಲ್ ಒಲಿಂಪಿಕ್ಸ್‌ನ ಹುಲಿಮರಿ ಹೋದೊರಿಯ ತಲೆಯ ಮೇಲೂ ಟೊಪ್ಪಿಗೆಯಿತ್ತು. ಕಲಾವಿದ ಕಿಮ್ ಹ್ಯುನ್ ಆರಿಸಿಕೊಂಡದ್ದು ಸಾಂಗ್‌ಮೊ ಎಂಬ ಟೊಪ್ಪಿಗೆಯನ್ನು. ಕೊರಿಯಾದ ರೈತರ ವಾದ್ಯಮೇಳದಲ್ಲಿ ಕುಣಿಯುವವರು ಅದನ್ನು ತೊಟ್ಟು ತಲೆ ತಿರುಗಿಸುತ್ತಾರೆ, ತುದಿಗೆ ಕಟ್ಟಿದ ಉದ್ದನೆಯ ಪಟ್ಟಿ ಗಾಳಿಯಲ್ಲಿ ಸುತ್ತು ಹಾಕುತ್ತದೆ. ಹೋದೊರಿಯ ಟೊಪ್ಪಿಗೆಯ ಪಟ್ಟಿ ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಳುಕುತ್ತದೆ, ಅದೇ ಸೋಲ್‌ನ ಮೊದಲಕ್ಷರ. ಹುಲಿ ಓಡಿದರೆ ಪಟ್ಟಿ ಹಿಂದಕ್ಕೆ ಹಾರುತ್ತದೆ, ಜಿಗಿದರೆ ಮೇಲಕ್ಕೆ. ಯಾವ ಆಟದ ಭಂಗಿಯಲ್ಲಿ ಬರೆದರೂ ಚಲನೆಯನ್ನು ತೋರಿಸುವ ಕೆಲಸ ಆ ಟೊಪ್ಪಿಗೆಯದ್ದೇ. ತೆಗೆದುಬಿಟ್ಟರೆ ಹೋದೊರಿ ಯಾವುದೋ ಒಂದು ಹುಲಿ. ಒಲಿಂಪಿಕ್ ಉಂಗುರಗಳನ್ನು ಕೊರಳಿಗೆ ಪದಕದಂತೆ ತೂಗುಹಾಕಿದ್ದರಿಂದ ಅವುಗಳಿಗೆ ಬೇರೆ ಜಾಗ ಹುಡುಕುವ ಕಷ್ಟವೂ ತಪ್ಪಿತು. ಒಂದೊಂದು ವಸ್ತುವಿನಿಂದಲೂ ಎರಡೆರಡು ಕೆಲಸ ಮಾಡಿಸಿಕೊಂಡ ಚಿತ್ರವದು.

ಟೋಕಿಯೊ 2020ರ ಲಾಂಛನದ ಕಥೆ ಇನ್ನೂ ಉಪಯುಕ್ತ. 2015ರ ಜುಲೈನಲ್ಲಿ ಬಿಡುಗಡೆಯಾದ ಮೊದಲ ಲಾಂಛನ ಬೆಲ್ಜಿಯಂನ ಲಿಯೇಜ್ ನಗರದ ರಂಗಮಂದಿರವೊಂದರ ಲಾಂಛನವನ್ನು ಹೋಲುತ್ತದೆ ಎಂಬ ತಕರಾರು ಎದ್ದು, ಸೆಪ್ಟೆಂಬರ್ 1ರಂದು ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಒಂದು ಅಕ್ಷರ, ಒಂದು ವೃತ್ತ, ಒಂದು ಪಟ್ಟಿ ಇಷ್ಟರಿಂದಲೇ ಕಟ್ಟಿದ ಲಾಂಛನಕ್ಕೆ ಈ ಅಪಾಯ ಯಾವಾಗಲೂ ಇದೆ. ಅಷ್ಟು ಕಡಿಮೆ ಆಕಾರಗಳನ್ನು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಯಾರೋ ಆಗಲೇ ಹಾಗೆ ಜೋಡಿಸಿರುತ್ತಾರೆ. ಬಳಿಕ ನಡೆದ ಮುಕ್ತ ಸ್ಪರ್ಧೆಗೆ ಬಂದದ್ದು 14,599 ಚಿತ್ರಗಳು. 2016ರ ಏಪ್ರಿಲ್‌ನಲ್ಲಿ ಆಯ್ಕೆಯಾದದ್ದು ಅಸಾವೊ ತೊಕೊಲೊ ಅವರದು. ಜಪಾನಿನ ಎದೊ ಕಾಲದ (1603-1868) ಇಚಿಮಾತ್ಸು ಎಂಬ ಚೌಕುಳಿ ವಿನ್ಯಾಸ ಅದರ ಮೂಲ, ಬಣ್ಣ ನೀಲಿ ಒಂದೇ. ಮೂರು ಬಗೆಯ ಆಯತಗಳು, ಒಟ್ಟು 45. ಅದೇ 45 ಆಯತಗಳನ್ನು ಬೇರೆ ರೀತಿ ಜೋಡಿಸಿದರೆ ಪ್ಯಾರಾಲಿಂಪಿಕ್ಸ್ ಲಾಂಛನ. ಎರಡೂ ಕೂಟಗಳು ಸಮಾನವೆಂದು ಭಾಷಣ ಮಾಡುವ ಬದಲು ಲೆಕ್ಕದಲ್ಲೇ ತೋರಿಸಿದರು. ಚಿತ್ರದಲ್ಲಿ ಫ್ಯೂಜಿ ಪರ್ವತವಿಲ್ಲ, ಚೆರ್ರಿ ಹೂವಿಲ್ಲ, ಕಿಮೋನೊ ಇಲ್ಲ. ಆದರೂ ಅದು ಜಪಾನಿನದೆಂದು ಜಪಾನಿಗರಿಗೆ ಯಾರೂ ವಿವರಿಸಬೇಕಾಗಲಿಲ್ಲ.

1968ರ ಮೆಕ್ಸಿಕೊ ಲಾಂಛನದ್ದೂ ಇದೇ ಬಗೆ. ಐದು ಉಂಗುರಗಳ ವಕ್ರರೇಖೆಯಿಂದಲೇ ‘68’ ಹೊಮ್ಮುತ್ತದೆ, ಅದರ ಸುತ್ತ ಗೆರೆಗಳು ಅಲೆಯಂತೆ ಹರಡುತ್ತವೆ. ಮೇಣದ ಹಲಗೆಗೆ ನೂಲು ಒತ್ತಿ ಚಿತ್ರ ಮಾಡುವ ಹುಯಿಚೋಲ್ ಬುಡಕಟ್ಟಿನ ಕಲೆಯೊಂದಿಗೆ ಆ ಗೆರೆಗಳಿಗೆ ನಂಟಿದೆ. ಆದರೆ ಅದನ್ನು ರೂಪಿಸಿದ ತಂಡದ ಮುಂಚೂಣಿಯಲ್ಲಿದ್ದದ್ದು ಲ್ಯಾನ್ಸ್ ವೈಮನ್ ಎಂಬ ಅಮೆರಿಕನ್. ಹಾಗಾಗಿ ಆ ಚಿತ್ರವನ್ನು ಎಷ್ಟು ಮೆಚ್ಚಿದರೂ ಅದು ಯಾರ ಕಲೆ, ಕೇಳಿ ಪಡೆದದ್ದೇ ಎಂಬ ಪ್ರಶ್ನೆ ಪಕ್ಕದಲ್ಲೇ ನಿಂತಿರುತ್ತದೆ.

ಆ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. 2010ರ ಚಳಿಗಾಲದ ಒಲಿಂಪಿಕ್ಸ್‌ಗೆಂದು 2005ರಲ್ಲಿ ಹೊರಬಂದ ಲಾಂಛನ ‘ಇಲಾನಾಕ್’, ಕಲ್ಲುಗಳನ್ನು ಮನುಷ್ಯಾಕಾರದಲ್ಲಿ ಒಟ್ಟಿದಂಥದ್ದು. ಹಿಮಬಯಲಿನಲ್ಲಿ ದಾರಿ ತೋರಿಸಲು ಇನುಯಿಟ್ ಜನ ನಿಲ್ಲಿಸುವ ಕಲ್ಲುಗುಡ್ಡೆ ಅದಕ್ಕೆ ಆಧಾರ. ಚಿತ್ರ ಸರಳ, ಬಣ್ಣ ಚೆನ್ನ, ದೂರದಿಂದಲೂ ಗೊತ್ತಾಗುತ್ತದೆ. ಆದರೆ ಇನುಯಿಟ್ ಜನರ ನೆಲ ಇರುವುದು ದೂರದ ಉತ್ತರದಲ್ಲಿ. ಕೂಟ ನಡೆದದ್ದು ಸ್ಕ್ವಾಮಿಷ್, ಮಸ್ಕ್ವೀಮ್, ಲಿಲ್ವಾಟ್, ತ್ಸ್ಲೇಲ್-ವೌಟುತ್ ಎಂಬ ನಾಲ್ಕು ಮೂಲನಿವಾಸಿ ಸಮುದಾಯಗಳ ನೆಲದಲ್ಲಿ. ಅವರ ಶಿಲ್ಪವೇ ಬೇರೆ, ಪ್ರಾಣಿಗಳೇ ಬೇರೆ. ಅತ್ತ ಇನುಯಿಟ್ ಜನರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ದಾರಿ ತೋರಿಸುವ ಕಲ್ಲುಗುಡ್ಡೆಗೂ ಮನುಷ್ಯನ ಹಾಗೆ ಕೈಕಾಲಿಟ್ಟು ಜೋಡಿಸಿದ ಕಲ್ಲಿಗೂ ವ್ಯತ್ಯಾಸವಿದೆ ಎಂದು ನುನಾವುಟ್ ಪ್ರಾಂತ್ಯದ ಮಾಜಿ ಆಯುಕ್ತ ಪೀಟರ್ ಇರ್ನಿಕ್ ಆಕ್ಷೇಪಿಸಿದರು. ಎರಡೂ ಕಡೆ ನಿಷ್ಠುರ. ತೀರ್ಪುಗಾರರ ಕೋಣೆಯಲ್ಲಿ ಸ್ಥಳೀಯ ಹಿರಿಯರಿಬ್ಬರು ಕೂತಿದ್ದರೆ ಈ ಎರಡೂ ಸಂಗತಿ ಮೊದಲ ದಿನವೇ ಹೊರಬೀಳುತ್ತಿದ್ದವು ಎಂಬುದು ನಮ್ಮ ಅಂದಾಜು. ಎರಡು ವರ್ಷದ ನಂತರ ಬಂದ ಮ್ಯಾಸ್ಕಾಟ್‌ಗಳಲ್ಲಿ ಅದೇ ಕೂಟ ಕರಾವಳಿಯ ಸಮುದಾಯಗಳ ಕಥೆಗಳನ್ನು ಆಧರಿಸಿ ಮಿಗಾ, ಕ್ವಾಚಿ, ಸುಮಿ ಎಂಬ ಮೂವರನ್ನು ತಂದಿತು. ಸುಮಿಗೆ ಕಪ್ಪು ಕರಡಿಯ ಕಾಲು, ಪುರಾಣದ ಥಂಡರ್‌ಬರ್ಡ್ ಪಕ್ಷಿಯ ರೆಕ್ಕೆ, ತಲೆಯ ಮೇಲೆ ಓರ್ಕಾ ತಿಮಿಂಗಿಲದ ಟೊಪ್ಪಿಗೆ. ಒಂದೇ ದೇಹದಲ್ಲಿ ಹಲವು ಪ್ರಾಣಿ ಸೇರುವುದು ಅಲ್ಲಿನ ಕಥೆಗಳಲ್ಲೇ ಇರುವ ಕ್ರಮವಾದ್ದರಿಂದ ಅದು ತೇಪೆಯಂತೆ ಕಾಣಲಿಲ್ಲ.

ತಪ್ಪಾದರೆ ತಿದ್ದಿಕೊಳ್ಳಲೂ ಸಾಧ್ಯ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ಗೆ 2015ರ ಕೊನೆಯಲ್ಲಿ ‘ದ್ರಾವಾ’ ಎಂಬ ಸ್ವರ್ಗಪಕ್ಷಿಯ ಮ್ಯಾಸ್ಕಾಟ್ ಬಂತು. ಜನ ನಕ್ಕುಬಿಟ್ಟರು. ಅದನ್ನು ಕೈಬಿಟ್ಟು 2016ರ ಜುಲೈನಲ್ಲಿ ಮೂರು ಪಾತ್ರಗಳನ್ನು ತಂದರು: ಸ್ವರ್ಗಪಕ್ಷಿ ಭಿನ್ ಭಿನ್, ಬಾವೇನ್ ಜಿಂಕೆ ಅತುಂಗ್, ಜಾವಾ ಘೇಂಡಾಮೃಗ ಕಾಕಾ. ಮೂರು ಹೆಸರೂ ಸೇರಿದರೆ ಇಂಡೊನೇಷ್ಯಾದ ರಾಷ್ಟ್ರವಾಕ್ಯ ‘ಭಿನ್ನೇಕ ತುಂಗಲ್ ಇಕ’ (ಭಿನ್ನತೆಯಲ್ಲಿ ಏಕತೆ) ನೆನಪಾಗುತ್ತದೆ. ಪಕ್ಷಿಯ ಅಂಗಿಯ ಮೇಲೆ ಪಾಪುವಾದ ಅಸ್ಮತ್ ವಿನ್ಯಾಸ, ಜಿಂಕೆಯ ಲುಂಗಿಯಲ್ಲಿ ಜಕಾರ್ತದ ಬಾಟಿಕ್‌ನ ತ್ರಿಕೋನ, ಘೇಂಡಾಮೃಗದ ಬಟ್ಟೆಯಲ್ಲಿ ಪಾಲೆಂಬಾಂಗ್‌ನ ಹೂಬಳ್ಳಿ. ಯಾವ ಬಟ್ಟೆ ಯಾವ ಊರಿನದೆಂಬ ಲೆಕ್ಕವಿತ್ತು. ಬಟ್ಟೆ ತೊಡಿಸುವುದಾದರೆ ಅಷ್ಟಾದರೂ ಇರಲಿ.

ನಮ್ಮ ದೇಶದ ಕಡೆ ನೋಡಿದರೆ 1982ರ ದೆಹಲಿ ಏಷ್ಯಾಡ್ ಇಂದಿಗೂ ಮುಂದಿದೆ. ಲಾಂಛನದಲ್ಲಿ ಜಂತರ್ ಮಂತರ್‌ನ ಮಿಶ್ರ ಯಂತ್ರ, ಮೇಲೆ ಸೂರ್ಯ. ಖಗೋಳ ಅಳೆಯಲು ಕಟ್ಟಿದ ಕಟ್ಟಡವಾದ್ದರಿಂದ ಅದರ ಬಾಗು, ಮೆಟ್ಟಿಲು ಎಲ್ಲವೂ ಮೊದಲೇ ಜ್ಯಾಮಿತಿ, ಲಾಂಛನಕಾರನಿಗೆ ಅರ್ಧ ಕೆಲಸ ಅಲ್ಲೇ ಮುಗಿದಿತ್ತು. ಆನೆಮರಿ ಅಪ್ಪುವಿಗೆ ಅದೇ ವರ್ಷ ಬಂದ ಬಣ್ಣದ ದೂರದರ್ಶನವೂ ಜೊತೆಯಾಯಿತು. (ನಮ್ಮಲ್ಲಿ ಈಗ ಅಪ್ಪು ಎಂದರೆ ಬೇರೆಯವರೇ ಕಣ್ಣಿಗೆ ಬರುತ್ತಾರೆ, ಆ ಮಾತು ಬೇರೆ.) 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಹುಲಿ ಶೇರಾಗೆ ಆ ಭಾಗ್ಯವಿರಲಿಲ್ಲ. ಅದರ ಚಿತ್ರದಲ್ಲಿ ದೋಷವಿತ್ತೆನ್ನಲಾರೆವು, ನೆನಪಿನಲ್ಲಿ ಉಳಿಯುವಂಥ ಒಂದು ಅಂಶವೂ ಇರಲಿಲ್ಲ, ಅಷ್ಟೇ. ಇತ್ತೀಚಿನವುಗಳಲ್ಲಿ ನಮಗೆ ಮೆಚ್ಚುಗೆಯಾದವು ಎರಡು. ಮೊದಲನೆಯದು 2018ರ ಭುವನೇಶ್ವರ ಹಾಕಿ ವಿಶ್ವಕಪ್‌ನ ಆಲಿವ್ ರಿಡ್ಲೆ ಆಮೆ ‘ಆಲಿ’. ಗಹೀರ್‌ಮಾಥಾ, ಋಷಿಕುಲ್ಯಾ ತೀರಗಳಿಗೆ ಮೊಟ್ಟೆಯಿಡಲು ಸಾವಿರಗಟ್ಟಲೆ ಬರುವ ಆ ಆಮೆ ಒಡಿಶಾದ್ದು ಎಂಬುದರಲ್ಲಿ ತಕರಾರಿಲ್ಲ. ಇನ್ನೊಂದು 2022ರ ಮಾಮಲ್ಲಪುರಂ ಚೆಸ್ ಒಲಿಂಪಿಯಾಡ್‌ನ ‘ತಂಬಿ’. ಅಂಗಿ, ವೇಷ್ಟಿ ತೊಟ್ಟು ಕೈಮುಗಿದು ನಿಂತ ಚದುರಂಗದ ಕುದುರೆ. ಮುಖ ಆಟದ್ದು, ಮೈ ಊರಿನದು.

ರಾಷ್ಟ್ರೀಯ ಕ್ರೀಡಾಕೂಟಗಳ ಮಾದರಿ ರಾಜ್ಯಪ್ರಾಣಿ ಅಥವಾ ರಾಜ್ಯಪಕ್ಷಿ. ಕೇರಳಕ್ಕೆ 2015ರಲ್ಲಿ ಮಂಗಟ್ಟೆ ಅಮ್ಮು, ಗುಜರಾತಿಗೆ 2022ರಲ್ಲಿ ಸಿಂಹ ಸಾವಜ್, ಗೋವಾಕ್ಕೆ 2023ರಲ್ಲಿ ಕಾಟಿ ಮೊಗಾ, ಉತ್ತರಾಖಂಡಕ್ಕೆ 2025ರಲ್ಲಿ ಮೊನಾಲ್ ಪಕ್ಷಿ ಮೌಲಿ. ಈ ದಾರಿ ಸಿಂಹಕ್ಕೆ, ಮೊನಾಲ್‌ಗೆ ಸರಿ. ಕರ್ನಾಟಕಕ್ಕೆ ಬಂದರೆ ಎಡವುತ್ತದೆ. ನಮ್ಮ ರಾಜ್ಯಪ್ರಾಣಿ ಆನೆ, ಕೇರಳ ಮತ್ತು ಜಾರ್ಖಂಡಿನದೂ ಅದೇ. ನಮ್ಮ ರಾಜ್ಯಪಕ್ಷಿ ನೀಲಕಂಠ, ತೆಲಂಗಾಣ ಮತ್ತು ಒಡಿಶಾದ್ದೂ ಅದೇ. ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಚೆಂದವೇ, ಆದರೆ ಆ ರೆಕ್ಕೆ ಹೊತ್ತ ವೇಷಧಾರಿ ಕ್ರೀಡಾಂಗಣದ ಬಾಗಿಲು ದಾಟುವುದು ಹೇಗೆ?

ಇದು ತಮಾಷೆಯ ಮಾತಲ್ಲ. ಮ್ಯಾಸ್ಕಾಟ್ ಕಾಗದದ ಮೇಲೆ ಮುಗಿಯುವುದಿಲ್ಲ, ಒಳಗೊಬ್ಬ ಮನುಷ್ಯ ಹೊಕ್ಕು ಕುಣಿಯಬೇಕು. ಸಾಮಾನ್ಯ ಬಾಗಿಲು ಏಳಡಿ ಎತ್ತರ, ಮೂರಡಿ ಅಗಲ. ಕಿವಿ, ಕೊಂಬು, ರೆಕ್ಕೆ ಅದನ್ನು ಮೀರಿದರೆ ಮೆತ್ತನೆಯ ಫೋಮ್‌ನಲ್ಲಿ ಮಡಚಿಕೊಳ್ಳುವಂತಿರಬೇಕು. ಹೊಟ್ಟೆ ದಪ್ಪ ಮಾಡಿದರೆ ಮಕ್ಕಳಿಗೆ ಮುದ್ದೇನೋ ಹೌದು, ಆದರೆ ಎರಡು ಕೈ ಮುಂದೆ ಸೇರುವುದಿಲ್ಲ, ನಮಸ್ಕಾರ ಮಾಡಲಾಗದು, ಚಪ್ಪಾಳೆಯೂ ತಟ್ಟಲಾಗದು. ವೇಷಧಾರಿ ನೋಡುವುದು ಬಹುತೇಕ ಬೊಂಬೆಯ ಬಾಯಿಯ ಜಾಲರಿಯಿಂದ. ಬಾಯಿ ಮುಚ್ಚಿದ ಮುಖ ಬರೆದರೆ ಅವನು ಕುರುಡ. ಬಾಲ ನೆಲ ಮುಟ್ಟಿದರೆ ಹಿಂದಿನವರು ತುಳಿಯುತ್ತಾರೆ. ಬಿಸಿಲಲ್ಲಿ ಒಮ್ಮೆಗೆ 15-20 ನಿಮಿಷ ಮೀರಿಸಬಾರದು. ತಲೆಯೊಳಗೆ ಬ್ಯಾಟರಿ ಫ್ಯಾನ್, ಒಂದು ವೇಷ ಒಣಗುವಾಗ ತೊಡಲು ಇನ್ನೊಂದು, ಒಂದೇ ಎತ್ತರದ ಇಬ್ಬರು ವೇಷಧಾರಿಗಳು, ಕೈಹಿಡಿದು ನಡೆಸಲು ಒಬ್ಬ ಸಹಾಯಕ, ಇಷ್ಟನ್ನೂ ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡಬೇಕು. ಸ್ಪರ್ಧೆಗೆ ಚಿತ್ರ ಕರೆಯುವಾಗ ಮುಂದಿನಿಂದ ಒಂದೇ ನೋಟ ಕೇಳುತ್ತಾರೆ. ಮುಂದೆ, ಪಕ್ಕ, ಹಿಂದೆ ಮೂರೂ ನೋಟ ಕೇಳದಿದ್ದರೆ ಹೊಲಿಯುವವನು ಬೆನ್ನನ್ನು ತನಗೆ ತೋಚಿದಂತೆ ಹೊಲಿಯುತ್ತಾನೆ.

ಲಾಂಛನಕ್ಕೂ ಇಂಥ ಪರೀಕ್ಷೆಗಳಿವೆ. ಮೊದಲು ಪೂರ್ತಿ ಕಪ್ಪಿನಲ್ಲಿ, ಒಂದು ಸೆಂಟಿಮೀಟರ್ ಅಗಲಕ್ಕೆ ಇಳಿಸಿ ಮುದ್ರಿಸಿ ನೋಡಿ. ಅಲ್ಲಿ ಗುರುತು ಸಿಗದ್ದು ಗುರುತಿನ ಚೀಟಿಯಲ್ಲೂ, ಮೊಬೈಲ್ ಪರದೆಯಲ್ಲೂ ಸಿಗದು. ಅಂಗಿಯ ಎದೆಗೆ ಯಂತ್ರದಲ್ಲಿ ದಾರ ಹಾಕಿಸುವಾಗ ಒಂದು ಮಿಲಿಮೀಟರಿಗಿಂತ ತೆಳುವಾದ ಗೆರೆ ಮುಚ್ಚಿಹೋಗುತ್ತದೆ. ಒಂದು ಬಣ್ಣ ಇನ್ನೊಂದರೊಳಗೆ ಕರಗುವ ಛಾಯೆ ದಾರದಲ್ಲಿ ಬರುವುದಿಲ್ಲ, ಬಟ್ಟೆಯ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಚುಕ್ಕೆಚುಕ್ಕೆಯಾಗುತ್ತದೆ. ಅಲ್ಲಿ ಬಣ್ಣಕ್ಕೊಂದು ಸ್ಕ್ರೀನ್ ಬೇಕು, ಆರು ಬಣ್ಣವೆಂದರೆ ಆರು ಪಟ್ಟು ತಾಪತ್ರಯ. ತ್ರಿವರ್ಣದ ಸುಳಿ ಎಳೆಯುವವರು ಮರೆಯುವುದು ಇನ್ನೊಂದು: ಬಿಳಿ ಕಾಗದದ ಮೇಲೆ ಬಿಳಿ ಪಟ್ಟಿ ಕಾಣುವುದಿಲ್ಲ, ಉಳಿಯುವುದು ಕೇಸರಿ ಮತ್ತು ಹಸಿರಿನ ಎರಡು ತುಂಡು. ಬಾವುಟದ ಮೇಲಿನ ಬರಹ ಹಿಂಬದಿಯಿಂದ ತಿರುಗುಮುರುಗಾಗಿ ಕಾಣುತ್ತದೆ, ಆದ್ದರಿಂದ ಬಾವುಟಕ್ಕೆ ಅಕ್ಷರವಿಲ್ಲದ ರೂಪವೊಂದು ಬೇಕೇ ಬೇಕು.

ಕನ್ನಡ ಅಕ್ಷರ ಬಳಸುವವರಿಗೆ ತೊಡಕು ಇನ್ನೂ ಹೆಚ್ಚು. ‘ಕ್ರೀಡಾಕೂಟ’, ‘ರಾಜ್ಯ’ ಎಂಬ ಮಾತುಗಳನ್ನು ವೃತ್ತದ ಮೇಲಂಚಿಗೆ ಬಾಗಿಸಿ ಬರೆದಾಗ ಒತ್ತಕ್ಷರಗಳು ಒಳಗಿನ ಉಂಗುರಕ್ಕೆ ತಾಗುತ್ತವೆ. ಅದನ್ನು ತಪ್ಪಿಸಲು ಅಕ್ಷರ ಕಿರಿದು ಮಾಡಿದರೆ ಒತ್ತು ಮಸಿಯ ಚುಕ್ಕೆಯಾಗುತ್ತದೆ. ಅಕ್ಷರಕ್ಕೆ ಬೇಕಾದ ಜಾಗದ ಜೊತೆಗೆ ಒತ್ತಿಗೆ ಅದರ ಅರ್ಧದಷ್ಟಾದರೂ ಜಾಗ ಬಿಟ್ಟು ಉಂಗುರ ಎಳೆಯಬೇಕು. ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ ಫೈಲು ಮುದ್ರಕರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ, ಹಾಗಾಗಿ ಅಕ್ಷರಗಳನ್ನು ಆಕೃತಿಗಳಾಗಿ ಪರಿವರ್ತಿಸಿಯೇ ಕಳಿಸಬೇಕು. ಇಷ್ಟೆಲ್ಲ ಹೇಳಿದ್ದು ಅಕ್ಷರ ಬೇಡವೆನ್ನಲು ಅಲ್ಲ. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ತನ್ನ ಲಾಂಛನವನ್ನು ಊರಹೆಸರಿನ ಎರಡು ಕೊರಿಯನ್ ವ್ಯಂಜನಗಳಿಂದಲೇ ಕಟ್ಟಿತು. ಕನ್ನಡ ಲಿಪಿಯ ದುಂಡು, ತಲೆಕಟ್ಟಿನ ತಿರುವು ಯಾವ ಸುಳಿಗೂ ಕಡಿಮೆಯಿಲ್ಲ.

ಕರ್ನಾಟಕದಲ್ಲಿ ನಡೆಯುವ ಕೂಟಗಳಿಗೆ ನಮ್ಮ ಸಲಹೆ ಕಸೂತಿಯನ್ನು ಗಮನಿಸಿ ಎಂಬುದು. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವವರು ಗೀಟು ಎಳೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸುತ್ತಾರೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಚೌಕುಳಿಯ ಲೆಕ್ಕದಲ್ಲೇ ಮೂಡುವುದರಿಂದ ಪರದೆಯ ಚುಕ್ಕೆಗಳಿಗೂ, ಅಂಗಿಯ ಯಂತ್ರಕ್ಕೂ ಅವು ಸಲೀಸಾಗಿ ಒಗ್ಗುತ್ತವೆ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಯಿಂದ ಒಂದೇ ರೀತಿ ಕಾಣುತ್ತವೆ. ಬಾವುಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿದೆ? ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆಗೋಡೆ ಚಿತ್ತಾರವೂ ಜ್ಯಾಮಿತಿಯೇ. ಆದರೆ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಒತ್ತೊತ್ತಾಗಿ ಎಳೆದ ಸಣ್ಣ ಗೆರೆಗಳು ಚಿಕ್ಕದು ಮಾಡಿದಾಗ ಒಂದಕ್ಕೊಂದು ಅಂಟುತ್ತವೆ. ಅದು ಲಾಂಛನಕ್ಕಿಂತ ವೇದಿಕೆಯ ಹಿನ್ನೆಲೆಗೆ, ಕ್ರೀಡಾಂಗಣದ ಗೋಡೆಗೆ ಹೆಚ್ಚು ಹೊಂದುತ್ತದೆ. ಬರೆಯುವವರನ್ನೇ ಕರೆಸಿ, ಕೂಲಿ ಕೊಟ್ಟು ಬರೆಸಬೇಕು, ಇಂಟರ್‌ನೆಟ್‌ನಿಂದ ಇಳಿಸಿಕೊಂಡ ತುಂಡನ್ನು ಫ್ಲೆಕ್ಸಿಗೆ ಹಿಗ್ಗಿಸುವುದಲ್ಲ.

ಕರಾವಳಿಯವರು ಕಂಬಳದ ಕೋಣವನ್ನು ಆರಿಸಿದರೆ ನೆನಪಿರಲಿ, ಅದು ಒಂಟಿ ಪ್ರಾಣಿಯಲ್ಲ, ಓಡುವುದು ಜೋಡಿ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಲ್ಲಿ ಓಡಿಸುವವನ ನಿಲುವೇ ಬೇರೆಬೇರೆ. ಹಲಗೆಯ ಮೇಲೆ ನಿಂತವನನ್ನು ಬರೆದು ‘ಹಗ್ಗ’ ಎಂದು ಹೆಸರಿಟ್ಟರೆ ಊರಿನ ಹುಡುಗರೇ ನಗುತ್ತಾರೆ. ಭೂತಾರಾಧನೆಯ ಅಣಿ (ಬೆನ್ನಿಗೆ ಕಟ್ಟುವ ಪ್ರಭಾವಳಿ), ಮೊಗ (ಮುಖವಾಡ) ಇವನ್ನು ಮಾತ್ರ ಮುಟ್ಟಬಾರದು. ನಂಬುವವರಿಗೆ ಅದು ವೇಷವಲ್ಲ, ದೈವ. ಮ್ಯಾಸ್ಕಾಟ್ ಎಂದರೆ ಮಕ್ಕಳು ಕಿವಿ ಜಗ್ಗುವ ಬೊಂಬೆ. ಎರಡನ್ನೂ ಬೆರೆಸಿದರೆ ನೋವಾಗುವುದು ಖಂಡಿತ.

ಕಾನೂನಿನ ವಿಷಯ. ಶಾಲಾ ಕ್ರೀಡಾಕೂಟದ ಆಮಂತ್ರಣದಲ್ಲೂ ಒಲಿಂಪಿಕ್‌ನ ಐದು ಉಂಗುರ, ರಾಜ್ಯ ಸರ್ಕಾರದ ಗಂಡಭೇರುಂಡ, ಧ್ವಜದ ಅಶೋಕ ಚಕ್ರ ಕಾಣಿಸಿಕೊಳ್ಳುತ್ತವೆ. ಈ ಮೂರೂ 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆಯ ಪಟ್ಟಿಯಲ್ಲಿವೆ. ಅನುಮತಿಯಿಲ್ಲದೆ ವ್ಯಾಪಾರಕ್ಕೆ, ಟ್ರೇಡ್‌ಮಾರ್ಕಿಗೆ, ವಿನ್ಯಾಸಕ್ಕೆ ಬಳಸುವಂತಿಲ್ಲ. ಪ್ರಾಯೋಜಕರ ಹೆಸರು ಪಕ್ಕದಲ್ಲಿ ಬಿದ್ದ ಕೂಡಲೇ ತೊಂದರೆ ಶುರು. ಸ್ವಂತ ಲಾಂಛನವನ್ನು ನೋಂದಾಯಿಸುವವರು ಟ್ರೇಡ್‌ಮಾರ್ಕ್ ವರ್ಗಗಳಲ್ಲಿ ಕನಿಷ್ಠ ಮೂರನ್ನು ನೋಡಬೇಕು: ಉಡುಪಿಗೆ 25, ಆಟಿಕೆ ಮತ್ತು ಕ್ರೀಡಾ ಸಾಮಗ್ರಿಗೆ 28, ಕ್ರೀಡಾ ಚಟುವಟಿಕೆಗೆ 41. ಬಿಡುಗಡೆಗೆ ಮುನ್ನ ಅದೇ ವರ್ಗಗಳಲ್ಲಿ ಹುಡುಕಾಟ ಮಾಡಿದರೆ ಟೋಕಿಯೊದಂಥ ಮುಖಭಂಗದ ಸಾಧ್ಯತೆ ಕಡಿಮೆಯಾಗುತ್ತದೆ.

ಸ್ಪರ್ಧೆ ಏರ್ಪಡಿಸುವವರು ಇನ್ನೊಂದು ಕಡೆ ಎಚ್ಚರ ತಪ್ಪುತ್ತಾರೆ. ಗೆದ್ದವರಿಗೆ ಶಾಲು, ಫಲಕ, ಬಹುಮಾನದ ಚೆಕ್ಕು ಕೊಟ್ಟ ಮಾತ್ರಕ್ಕೆ ಚಿತ್ರದ ಹಕ್ಕು ಸಮಿತಿಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿಯಿರಬೇಕು. ಅವಧಿ ಬರೆಯದಿದ್ದರೆ ಅದು ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಹಕ್ಕು ಕೊಟ್ಟ ಮೇಲೂ ತನ್ನ ಹೆಸರು ಹೇಳಿಸಿಕೊಳ್ಳುವ, ಚಿತ್ರವನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಅಧಿಕಾರ 57ನೇ ಕಲಮಿನಡಿ ಕಲಾವಿದರಿಗೆ ಉಳಿಯುತ್ತದೆ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದ ಮುಳ್ಳುಗಿಡದ ಬೊಂಬೆ ಕ್ಲೈಡ್‌ನ ಮೂಲಚಿತ್ರ 12 ವರ್ಷದ ಬಾಲಕಿಯದ್ದು. ನಮ್ಮಲ್ಲೂ ಮಕ್ಕಳಿಂದ ಚಿತ್ರ ಕರೆಯುವುದಾದರೆ ಒಪ್ಪಂದಕ್ಕೆ ಪೋಷಕರ ಸಹಿ ಬೇಕು. ಅರ್ಜಿ ನಮೂನೆಯಲ್ಲೇ ಅದಕ್ಕೊಂದು ಸಾಲು ಬಿಡಲಿ.

ಇತಿ,
ಗ್ರಾಫಿಕ್ ವಿನ್ಯಾಸ ಬೋಧಕರು, ಧಾರವಾಡ